ಬಿಳಿಗಿರಿಯ ಅಜ್ಜಿಗೆ ಕೊಡಬೇಕಿದ್ದ ಫೋಟೊ

ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ಒಂದು ಮಾತು ಗ್ಯಾರಂಟಿ. ‘ಈ ಸಲನಾದ್ರೂ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯೇನೋ?’ ಅಮ್ಮನ ಬಾಯಲ್ಲಿ ಬೆಟ್ಟ ಅಂದರೆ ಚಾಮುಂಡಿ ಬೆಟ್ಟ ಅಲ್ಲ. ಚಾಮುಂಡಿ ನಮ್ಮ ಮಹಡಿ ಮೇಲಿಂದಲೇ ಕಾಣಿಸುತ್ತಾಳೆ, ದಿನಾ ಬೆಳಗ್ಗೆ ತುಳಸಿಗೆ ನೀರು ಹಾಕುವಾಗ ಆ ಕಡೆ ತಿರುಗಿ ಕೈಮುಗಿದರೆ ಆಯಿತು. ಬೆಟ್ಟ ಅಂದರೆ ಬಿಳಿಗಿರಿರಂಗನ ಬೆಟ್ಟ. ಅಮ್ಮನ ತವರು ಯಳಂದೂರಿನ ಕಡೆ, ಅವರ ಮನೆದೇವರು ರಂಗಪ್ಪ.

ಮೂರು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದಾಗ ಅಮ್ಮ ಹಳದಿ ಬಟ್ಟೆಯಲ್ಲಿ ನೂರಾ ಒಂದು ರೂಪಾಯಿ ಕಟ್ಟಿ ಮುಡಿಪು ಇಟ್ಟಿದ್ದರು. ಅಪ್ಪ ಚೆನ್ನಾಗಾದರು, ಈಗ ಬೆಳಗ್ಗೆ ಆಂದೋಲನ ಸರ್ಕಲ್‌ವರೆಗೂ ವಾಕಿಂಗ್ ಹೋಗಿ ಬರುತ್ತಾರೆ. ಮುಡಿಪು ಮಾತ್ರ ದೇವರ ಮನೆಯಲ್ಲೇ ಉಳಿದಿತ್ತು. ಒಂದು ವರ್ಷ ನನಗೆ ರಜೆ ಇಲ್ಲ, ಇನ್ನೊಂದು ವರ್ಷ ಪ್ರಾಜೆಕ್ಟ್ ರಿಲೀಸ್, ಮತ್ತೊಂದು ವರ್ಷ ವಿಪರೀತ ಮಳೆ. ‘ದೇವರ ಸಾಲ ಇಟ್ಕೊಂಡು ಎಷ್ಟು ದಿನ ಅಂತ ಇರೋದು’ ಅಂತ ಅಮ್ಮ ಈ ಸಲ ಸೀರಿಯಸ್ಸಾಗಿ ಕೇಳಿದಾಗ ‘ಆಯ್ತಮ್ಮ, ಬರೋ ಶನಿವಾರ ಹೋಗೋಣ’ ಅಂದುಬಿಟ್ಟೆ.

ಗುರುವಾರ ಸಂಜೆ ಅಟ್ಟದ ಮೇಲಿಂದ ಹಿತ್ತಾಳೆ ಹರಿವಾಣ ಇಳಿಸಿಕೊಡು ಅಂದರು. ಹರಿವಾಣದ ಜೊತೆಗೆ ನನ್ನ ಕಾಲೇಜಿನ ದಿನಗಳ ಒಂದು ಪೆಟ್ಟಿಗೆಯೂ ಕೆಳಗೆ ಬಂತು. ಡ್ರಾಯಿಂಗ್ ಶೀಟುಗಳು, ಕೀಲು ಕಿತ್ತ ಕ್ಯಾಲ್ಕುಲೇಟರ್, ಒಂದು ಹಳೆಯ ಹಾರ್ಡ್ ಡಿಸ್ಕ್, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಂದು ಪ್ರಶಸ್ತಿ ಪತ್ರ. ಕಾಲೇಜಿನ ಛಾಯಾಚಿತ್ರ ಸ್ಪರ್ಧೆ, 2014, ದ್ವಿತೀಯ ಬಹುಮಾನ. ಫೋಟೊದ ಶೀರ್ಷಿಕೆ: ‘ಕಾಲ ನಿಂತ ಊರು’.

ಆ ಫೋಟೊ ನನಗೆ ಚೆನ್ನಾಗಿ ನೆನಪಿದೆ. ಎಂಜಿನಿಯರಿಂಗ್ ಓದುವಾಗ ಐದು ಜನ ಗೆಳೆಯರು ಒಂದು ಜೀಪು ಬಾಡಿಗೆಗೆ ತೆಗೆದುಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ದಾರಿಯಲ್ಲಿ ಒಂದು ಪೋಡಿನ ಹತ್ತಿರ ಇಳಿದೆವು. ಸೋಲಿಗರ ಹಳ್ಳಿಗೆ, ಹಾಡಿಗೆ ‘ಪೋಡು’ ಅನ್ನುತ್ತಾರೆ. ರಸ್ತೆ ಬದಿಯ ಒಂದು ಕಲ್ಲಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಹಿಂದೆ ಹುಲ್ಲು ಹೊದಿಸಿದ ಒಂದು ಗುಡಿಸಲು, ಅದರ ಹಿಂದೆ ಮಂಜು. ಮುಖದ ತುಂಬ ಸುಕ್ಕು, ಎಲ್ಲೋ ದೂರ ನೋಡುತ್ತಿರುವ ಕಣ್ಣು. ಗೆಳೆಯನ ಕ್ಯಾಮೆರಾ ನನ್ನ ಕೈಯಲ್ಲಿತ್ತು, ಕ್ಲಿಕ್ಕಿಸಿದೆ. ಕೇಳಲಿಲ್ಲ. ಜೀಪು ಹೊರಟಾಗ ನಮ್ಮಲ್ಲೊಬ್ಬ ಕಿಟಕಿಯಿಂದ ಕೂಗಿದ, ‘ಅಜ್ಜೀ, ಫೋಟೊ ಕಳಿಸ್ತೀವಿ!’ ಎಲ್ಲರೂ ನಕ್ಕೆವು. ಯಾವ ವಿಳಾಸಕ್ಕೆ ಕಳಿಸೋದು ಅಂತ ಯಾರೂ ಕೇಳಲೂ ಇಲ್ಲ.

ಹಾರ್ಡ್ ಡಿಸ್ಕ್ ಅದೃಷ್ಟಕ್ಕೆ ಓಡಿತು. ಮೂಲ ಫೋಟೊ ತೆರೆದು ನೋಡಿದರೆ ಬಹುಮಾನ ಬಂದ ಫೋಟೊಗಿಂತ ಇದು ಬೇರೆ ಥರ ಇದೆ. ಎಡಗಡೆ ಒಂದು ವಿದ್ಯುತ್ ಕಂಬ. ಗುಡಿಸಲ ಪಕ್ಕದಲ್ಲಿ ಒಂದು ಹೆಂಚಿನ ಮನೆಯ ಅರ್ಧ ಗೋಡೆ. ಅಜ್ಜಿಯ ಮಡಿಲಲ್ಲಿ ಬಟ್ಟೆ ಅಂಗಡಿಯ ಒಂದು ಬಣ್ಣದ ಪ್ಲಾಸ್ಟಿಕ್ ಕವರ್, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಸ್ಪರ್ಧೆಗೆ ಕೊಡುವಾಗ ಇದನ್ನೆಲ್ಲ ಕತ್ತರಿಸಿದವನು ನಾನೇ. ಕಂಬ, ಹೆಂಚು, ಕವರ್ ಇದ್ದರೆ ‘ಫೀಲ್’ ಬರಲ್ಲ ಅಂತ.

ಶುಕ್ರವಾರ ಕೆಲಸ ಮುಗಿಸಿ ಕುವೆಂಪುನಗರದ ಒಂದು ಸ್ಟುಡಿಯೋದಲ್ಲಿ ಆ ಫೋಟೊವನ್ನು ಕತ್ತರಿಸದೆ ಪೂರ್ತಿಯಾಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅಜ್ಜಿ ಸಿಕ್ಕರೆ ಕೊಡೋಣ ಅಂತ. ಸಿಗುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ. ಅಮ್ಮನಿಗೆ ಹೇಳಿದಾಗ ‘ಕೊಡ್ತೀನಿ ಅಂದಿದ್ರಾ?’ ಅಂತಷ್ಟೇ ಕೇಳಿದರು. ‘ಹೂಂ, ತಮಾಷೆಗೆ’ ಅಂದೆ. ಅಮ್ಮ ಏನೂ ಮಾತಾಡದೆ ಫೋಟೊವನ್ನು ಮುಡಿಪಿನ ಜೊತೆಗೇ ಚೀಲದಲ್ಲಿ ಇಟ್ಟುಕೊಂಡರು.

ಬೆಳಗ್ಗೆ ಐದೂವರೆಗೆ ಹೊರಟೆವು. ರಿಂಗ್ ರೋಡ್ ಹಿಡಿದು ತಿ. ನರಸೀಪುರದ ರಸ್ತೆ. ಕಾವೇರಿ, ಕಪಿಲೆ ಸೇರುವ ನರಸೀಪುರ ದಾಟಿ, ಮೂಗೂರು, ಸಂತೇಮರಹಳ್ಳಿ, ಯಳಂದೂರು. ಯಳಂದೂರು ಬಂದ ಕೂಡಲೇ ಅಮ್ಮನ ವಯಸ್ಸು ಇಪ್ಪತ್ತು ವರ್ಷ ಇಳಿಯುತ್ತದೆ. ಇಲ್ಲಿ ಗೌರೀಶ್ವರ ದೇವಸ್ಥಾನದ ಬಳೆಮಂಟಪ, ಕಲ್ಲಿನಲ್ಲೇ ಬಳೆ ಬಳೆ ಕೆತ್ತಿದ್ದಾರೆ, ಚಿಕ್ಕವಳಿದ್ದಾಗ ಅದನ್ನು ಎಣಿಸ್ತಾ ಇದ್ವಿ ಅಂತ ಪ್ರತಿ ಸಲ ಹೇಳುತ್ತಾರೆ, ಈ ಸಲವೂ ಹೇಳಿದರು. ದಿವಾನ್ ಪೂರ್ಣಯ್ಯನವರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1807ರಲ್ಲಿ ಜಹಗೀರಾಗಿ ಕೊಟ್ಟ ಊರು ಇದು. ಯಳಂದೂರು ದಾಟಿದರೆ ಗುಂಬಳ್ಳಿ. ಅಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಗಾಡಿ ನಂಬರ್ ಬರೆದುಕೊಂಡು ಬಿಡುತ್ತಾರೆ. ಅಲ್ಲಿಂದ ಮುಂದೆ ಬೆಟ್ಟದ ದಾರಿ.

ಕೆಳಗೆ ಕುರುಚಲು ಕಾಡು. ಮೇಲೆ ಹೋದಂತೆ ಮರಗಳು ಎತ್ತರವಾಗುತ್ತವೆ, ಗಾಳಿ ತಣ್ಣಗಾಗುತ್ತದೆ. ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಜೋಡಿಸುವ ಸೇತುವೆಯ ಥರದ ಬೆಟ್ಟಸಾಲು ಇದು, ಅದಕ್ಕೇ ಎರಡೂ ಕಡೆಯ ಗಿಡಮರ, ಪ್ರಾಣಿಗಳು ಇಲ್ಲಿವೆ ಅಂತ ಓದಿದ್ದೆ. ರಸ್ತೆಯ ಎರಡೂ ಬದಿಗೆ ಲಂಟಾನ ಮಾತ್ರ ಎದೆಮಟ್ಟ ಬೆಳೆದು ನಿಂತಿತ್ತು. ಹೂ ನೋಡಲು ಚೆಂದ. ‘ನಮ್ಮ ಕಾಲದಲ್ಲಿ ಇದು ಇಷ್ಟಿರಲಿಲ್ಲಪ್ಪ’ ಅಂದರು ಅಮ್ಮ.

ದೇವಸ್ಥಾನ ಇರುವುದು ಬೆಟ್ಟದ ತುದಿಯ ಬಿಳಿ ಬಂಡೆಯ ಮೇಲೆ. ಆ ಬಂಡೆಯಿಂದಲೇ ಬಿಳಿಗಿರಿ, ಶ್ವೇತಾದ್ರಿ ಎನ್ನುವ ಹೆಸರು. ಶ್ರಾವಣ ಶನಿವಾರವಾದ್ದರಿಂದ ಜನ ಜಾಸ್ತಿಯೇ ಇದ್ದರು. ಶ್ರೀರಂಗಪಟ್ಟಣದಲ್ಲಿ ಮಲಗಿರುವ ರಂಗನಾಥ ಇಲ್ಲಿ ನಿಂತಿದ್ದಾನೆ. ನಿಂತಿದ್ದಾನೆ ಅಷ್ಟೇ ಅಲ್ಲ, ಓಡಾಡುತ್ತಾನೆ ಅನ್ನುವುದು ಇಲ್ಲಿನ ನಂಬಿಕೆ. ಅದಕ್ಕೆ ಸಾಕ್ಷಿ ಅವನ ಚಪ್ಪಲಿ. ಮನುಷ್ಯರ ಅಳತೆಗಿಂತ ಎಷ್ಟೋ ದೊಡ್ಡದಾದ ಚರ್ಮದ ಪಾದರಕ್ಷೆಗಳು. ರಂಗಪ್ಪ ಇವನ್ನು ಹಾಕಿಕೊಂಡು ಕಾಡು ಸುತ್ತುತ್ತಾನೆ, ಸವೆದ ಮೇಲೆ ಚಮ್ಮಾರರ ಮನೆತನದವರು ಹೊಸದನ್ನು ಹೊಲಿದು ತಂದು ಒಪ್ಪಿಸುತ್ತಾರೆ. ಆ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಂಡು ಭಕ್ತರು ಆಶೀರ್ವಾದ ಪಡೆಯುತ್ತಾರೆ. ಅಮ್ಮ ತಾವೂ ಮುಟ್ಟಿಸಿಕೊಂಡು ನನ್ನ ತಲೆಯನ್ನೂ ಬಗ್ಗಿಸಿದರು. ಮುಡಿಪು ಹುಂಡಿಗೆ ಬಿತ್ತು. ‘ಅಬ್ಬಾ, ಒಂದು ಭಾರ ಇಳೀತು’ ಅಂದರು.

ರಂಗಪ್ಪ ಕಾಡು ಸುತ್ತಲು ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆಯಂತೆ. ಕುಸುಮಾಲೆ ಎಂಬ ಸೋಲಿಗರ ಹುಡುಗಿಯನ್ನು ಅವನು ಇಷ್ಟಪಟ್ಟು ಮದುವೆಯಾದ. ಹಾಗಾಗಿ ಸೋಲಿಗರಿಗೆ ರಂಗನಾಥ ದೇವರು ಮಾತ್ರವಲ್ಲ, ಭಾವ. ಮನೆ ಅಳಿಯನ ಜೊತೆ ಎಷ್ಟು ಸಲಿಗೆ ಇರುತ್ತದೋ ಅಷ್ಟೇ ಸಲಿಗೆ. ಭಾವ ಅಂದ ಮೇಲೆ ಬೇಡಿಕೊಳ್ಳುವುದೂ ಉಂಟು, ಕೋಪ ಬಂದರೆ ಬೈಯುವುದೂ ಉಂಟು. ನಾವು ಮೈಸೂರಿನಿಂದ ಮುಡಿಪು ಕಟ್ಟಿಕೊಂಡು ಹೆದರಿ ಹೆದರಿ ಬರುವ ದೇವರನ್ನು ಇವರು ‘ಭಾವ’ ಅಂತ ಕರೆಯುತ್ತಾರೆ ಅನ್ನುವುದು ನನಗೆ ತುಂಬ ಇಷ್ಟವಾದ ವಿಷಯ.

ದರ್ಶನ ಮುಗಿಸಿ ಹೊರಗೆ ಬಂದಾಗ ನೆಲ್ಲಿಕಾಯಿ, ಜೇನುತುಪ್ಪ ಇಟ್ಟುಕೊಂಡು ಕೂತಿದ್ದ ಒಬ್ಬ ಸೋಲಿಗ ಹೆಂಗಸಿನ ಹತ್ತಿರ ಅಮ್ಮ ಚೌಕಾಸಿಗೆ ಇಳಿದರು. ನಾನು ಸಂಕೋಚದಿಂದಲೇ ಚೀಲದಿಂದ ಫೋಟೊ ತೆಗೆದು ತೋರಿಸಿದೆ. ‘ಇವರು ಗೊತ್ತಾ?’ ಆಕೆ ಫೋಟೊ ನೋಡಿದರು, ನನ್ನ ಮುಖ ನೋಡಿದರು. ‘ಅಯ್ಯೋ, ಇದು ನಮ್ಮ ದೊಡ್ಡವ್ವ ಕಣಪ್ಪ. ನಿಮ್ಗೆಲ್ಲಿ ಸಿಕ್ತು ಇದು?’ ಅಂದರು.

ಅಜ್ಜಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಅದೇ ಪೋಡಿನಲ್ಲಿ ಇದ್ದಾರೆ ಅಂತ ದಾರಿ ಹೇಳಿದರು. ಆ ಪೋಡಿನ ಹೆಸರನ್ನೂ ಅವರ ಮನೆಯವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ‘ಬರೀರಿ, ಆದ್ರೆ ಹೆಸರು ಬೇಡ’ ಅಂತ ಅವರೇ ಹೇಳಿದ್ದಾರೆ.

ಕಲ್ಲು ಅಲ್ಲೇ ಇತ್ತು. ಗುಡಿಸಲು ಇರಲಿಲ್ಲ, ಅಲ್ಲಿ ಈಗ ಬಾಳೆ ಗಿಡ. ಹೆಂಚಿನ ಮನೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು, ಅಂಗಳದಲ್ಲಿ ಕಾಫಿ ಗಿಡ, ಒಂದು ಬೈಕು. ಮಗಳಿಗೆ ಐವತ್ತು ದಾಟಿರಬಹುದು. ಅಮ್ಮ ಯಳಂದೂರಿನ ಕಡೆಯವರು ಅಂತ ತಿಳಿದ ಮೇಲೆ ಚಾಪೆ ಹಾಸಿ ಕೂರಿಸಿದರು. ನಾನು ಫೋಟೊ ಕೊಟ್ಟೆ. ಹೇಗೆ ತೆಗೆದದ್ದು, ಯಾವಾಗ ತೆಗೆದದ್ದು ಎಲ್ಲ ಹೇಳಿದೆ. ಸ್ಪರ್ಧೆಯ ವಿಷಯವನ್ನೂ ಹೇಳಿದೆ, ಶೀರ್ಷಿಕೆಯನ್ನೂ ಹೇಳಿದೆ. ಶೀರ್ಷಿಕೆ ಹೇಳುವಾಗ ಗಂಟಲು ಒಣಗಿತ್ತು.

ಆಕೆ ತುಂಬ ಹೊತ್ತು ಫೋಟೊ ನೋಡಿದರು. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲಿದ್ದ ಒಂದು ಚೌಕಟ್ಟು ತಂದು ಪಕ್ಕದಲ್ಲಿಟ್ಟರು. ಆಧಾರ್ ಕಾರ್ಡಿನ ಪುಟ್ಟ ಚಿತ್ರವನ್ನು ದೊಡ್ಡದು ಮಾಡಿಸಿ ಹಾಕಿಸಿದ ಫೋಟೊ. ದೊಡ್ಡದು ಮಾಡಿದ್ದಕ್ಕೆ ಎಲ್ಲ ಮಸುಕು ಮಸುಕು. ಕಣ್ಣು ಎಲ್ಲಿ, ಮೂಗು ಎಲ್ಲಿ ಅಂತಲೂ ಸರಿಯಾಗಿ ಗೊತ್ತಾಗುವುದಿಲ್ಲ. ‘ನಮ್ಮವ್ವಂದು ಇದೊಂದೇ ಇದ್ದಿದ್ದು’ ಅಂದರು.

ನಾನು ಏನೂ ಹೇಳಲಿಲ್ಲ. ಹತ್ತು ವರ್ಷದಿಂದ ಅಷ್ಟು ಸ್ಪಷ್ಟವಾದ ಫೋಟೊ ನಮ್ಮ ಅಟ್ಟದ ಮೇಲೆ ಬಿದ್ದಿತ್ತು.

‘ಕೇಳಿ ತಗೊಂಡ್ರಾ ಫೋಟೊನಾ?’ ಅಂತ ಕೇಳಿದರು.

‘ಇಲ್ಲ’ ಅಂದೆ.

‘ಕೇಳಿದ್ರೆ ನಗ್ತಿದ್ಲು. ಅವಳಿಗೆ ಫೋಟೊ ಅಂದ್ರೆ ಆಸೆ. ಕಾಲೇಜು ಹುಡುಗ್ರು ತಗೊಂಡವ್ರೆ, ಕಳಿಸ್ತೀವಿ ಅಂದವ್ರೆ ಅಂತ ಸುಮಾರು ದಿನ ಹೇಳ್ತಿದ್ಲು.’ ಅವರ ಧ್ವನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

ಅಷ್ಟರಲ್ಲಿ ಅವರ ಮಗ ಬಂದ. ಚಾಮರಾಜನಗರದಲ್ಲಿ ಡಿಗ್ರಿ ಮುಗಿಸಿದ ಹುಡುಗ. ಫೋಟೊ ನೋಡಿದವನೇ ಮೊದಲು ಬೆರಳಿಟ್ಟದ್ದು ಅಜ್ಜಿಯ ಮುಖದ ಮೇಲಲ್ಲ, ಮಡಿಲಲ್ಲಿದ್ದ ಪ್ಲಾಸ್ಟಿಕ್ ಕವರ್ ಮೇಲೆ. ‘ಅವ್ವ, ನೋಡು, ಹಕ್ಕುಪತ್ರದ ಕವರ್ರು!’ ಅಂದ. ತಾಯಿ ಮಗ ಇಬ್ಬರೂ ನಗತೊಡಗಿದರು. ಅಜ್ಜಿಗೆ ಜಮೀನಿನ ಹಕ್ಕುಪತ್ರ ಸಿಕ್ಕ ಮೇಲೆ ಅದನ್ನು ಆ ಕವರಿನಲ್ಲಿ ಹಾಕಿ, ಮಳೆಗೆ ನೆನೆಯಬಾರದು, ಇಲಿ ಕಡಿಯಬಾರದು ಅಂತ ತಲೆದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತಿದ್ದರಂತೆ. ಯಾರ ಕೈಗೂ ಕೊಡುತ್ತಿರಲಿಲ್ಲವಂತೆ. ‘ಅವತ್ತು ಜೆರಾಕ್ಸ್ ಮಾಡಿಸೋಕೆ ಯಳಂದೂರಿಗೆ ಹೊರಟಿರ್ಬೇಕು. ಅದಕ್ಕೇ ರೋಡಲ್ಲಿ ಕೂತವ್ಳೆ. ಬಸ್ ಲೇಟಾದ್ರೆ ಹಿಂಗೇ ಮುಖ ಮಾಡ್ಕೊತಿದ್ಲು’ ಅಂದರು ಮಗಳು.

ಅಂದರೆ ಅಲ್ಲಿ ಕಾಲ ನಿಂತಿರಲಿಲ್ಲ. ಬಸ್ಸು ತಡವಾಗಿತ್ತು, ಅಷ್ಟೇ.

ಆ ಕವರ್ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಆ ಹುಡುಗ ಸಮಾಧಾನವಾಗಿ ಬಿಡಿಸಿ ಹೇಳಿದ. ಅವನ ಅಜ್ಜಿ ಹುಟ್ಟಿದ್ದು ಈ ಪೋಡಿನಲ್ಲಲ್ಲ, ಇನ್ನೂ ಒಳಗಿನ ಕಾಡಿನಲ್ಲಿ. ಆಗ ಸೋಲಿಗರು ಒಂದು ಕಡೆ ಕೆಲವು ವರ್ಷ ರಾಗಿ ಬೆಳೆದು, ಆ ನೆಲಕ್ಕೆ ವಿಶ್ರಾಂತಿ ಕೊಟ್ಟು ಇನ್ನೊಂದು ಕಡೆಗೆ ಹೋಗುತ್ತಿದ್ದರು. 1974ರಲ್ಲಿ ಕಾಡು ವನ್ಯಜೀವಿ ಧಾಮವಾಯಿತು. ಬೇಸಾಯ, ಬೇಟೆ ನಿಂತವು. ಒಳಗಿದ್ದ ಕುಟುಂಬಗಳನ್ನು ರಸ್ತೆ ಬದಿಗೆ, ಕಾಡಂಚಿಗೆ ತಂದು ಕೂರಿಸಿದರು. ಅಜ್ಜಿಯೂ ಹಾಗೆ ಬಂದವರು. ತಲೆತಲಾಂತರದಿಂದ ಇದ್ದ ನೆಲದಲ್ಲಿ ಇರುವುದಕ್ಕೆ ಕೈಯಲ್ಲಿ ಒಂದು ಕಾಗದ ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಅರ್ಜಿ, ಸಭೆ, ಸರ್ವೆ, ಮತ್ತೆ ಅರ್ಜಿ. ಈ ನಡುವೆ 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎಬ್ಬಿಸುತ್ತಾರೇನೋ ಅನ್ನುವ ಭಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿ ತರುವ ಹಕ್ಕು, ತಮ್ಮ ದೇವರ ಜಾಗಗಳಿಗೆ ಹೋಗುವ ಹಕ್ಕು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹೀಗೆ ಬಂದ ಕಾಗದ ಆ ಕವರಿನಲ್ಲಿ ಇದ್ದದ್ದು. ಅದನ್ನೇ ನಾನು ‘ಫೀಲ್’ ಹಾಳಾಗುತ್ತದೆ ಅಂತ ಕತ್ತರಿಸಿ ಹಾಕಿದ್ದು.

ಆ ಹುಡುಗನಿಗೆ ನನ್ನ ಕೆಲಸ ಏನು ಅಂತ ಕೇಳುವ ಕುತೂಹಲ. ಸಾಮಾನು ತಲುಪಿಸುವ ಕಂಪನಿಗಳಿಗೆ ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುತ್ತೇನೆ, ಮ್ಯಾಪ್ ಮೇಲೆ ಕೆಲಸ ಅಂದೆ. ‘ನಮ್ದೂ ಒಂದು ಮ್ಯಾಪ್ ಐತೆ’ ಅಂದ. ಸೋಲಿಗ ಹಿರಿಯರು ಸಂಶೋಧಕರ ಜೊತೆ ಜಿಪಿಎಸ್ ಹಿಡಿದು ಕಾಡೆಲ್ಲ ಸುತ್ತಿ ತಮ್ಮ ಪವಿತ್ರ ಜಾಗಗಳನ್ನು ಗುರುತು ಹಾಕಿ ಮಾಡಿದ ನಕ್ಷೆ. ಅದರ ಫೋಟೊ ಅವನ ಮೊಬೈಲಿನಲ್ಲಿತ್ತು. ನಾನೂರಕ್ಕೂ ಹೆಚ್ಚು ಜಾಗಗಳು. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ‘ಯಲ್ಲೆ’. ಆ ಯಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ, ‘ಅಭಿ’ ಎಂಬ ನೀರಿನ ತಾಣ. ನಾನು ನನ್ನ ಫೋನಿನಲ್ಲಿ ಅದೇ ಜಾಗದ ಮ್ಯಾಪ್ ತೆರೆದೆ. ದೇವಸ್ಥಾನ, ರಸ್ತೆ, ಒಂದೆರಡು ರೆಸಾರ್ಟು ಬಿಟ್ಟರೆ ಉಳಿದದ್ದೆಲ್ಲ ಬರೀ ಹಸಿರು. ಖಾಲಿ. ಅವನ ಮ್ಯಾಪಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೆಸರುಗಳು.

ದೊಡ್ಡ ಸಂಪಿಗೆ ಮರವನ್ನೂ ಅವನು ಅದರಲ್ಲಿ ತೋರಿಸಿದ. ಭಾರ್ಗವಿ ನದಿಯ ದಡದಲ್ಲಿರುವ, ನೂರಾರು ವರ್ಷದ, ಹತ್ತಾರು ಜನ ಕೈ ಹಿಡಿದರೂ ಸುತ್ತಲಾಗದಷ್ಟು ದಪ್ಪ ಬುಡದ ಸಂಪಿಗೆ. ಸೋಲಿಗರಿಗೆ ಅದೇ ಗುಡಿ, ಅಲ್ಲಿರುವವನು ಮಾದೇಶ್ವರ. ತಾವು ಮಾದಪ್ಪನ ಮಗನಂತೆ ಬೆಳೆದ ಕಾರಯ್ಯನ ವಂಶದವರು ಅಂತ ಅವರು ಹೇಳಿಕೊಳ್ಳುತ್ತಾರೆ. ಅಂದರೆ ಮಾದಪ್ಪ ತಂದೆಯ ಕಡೆ, ರಂಗಪ್ಪ ಭಾವನ ಕಡೆ. ಶೈವ, ವೈಷ್ಣವ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ, ಎಲ್ಲ ನೆಂಟರು.

ಅಮ್ಮ ಲಂಟಾನದ ವಿಷಯ ತೆಗೆದರು. ಮಗಳು ಹೇಳಿದ್ದು ಇಷ್ಟು: ಮೊದಲೆಲ್ಲ ಬೇಸಿಗೆ ಬಲಿಯುವ ಮುಂಚೆ ಸೋಲಿಗರು ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ‘ತರಗು ಬೆಂಕಿ’ ಅಂತಲೇ ಅದಕ್ಕೆ ಹೆಸರು. ಬೇಗ ಹೊತ್ತಿ ಬೇಗ ಆರುವ ಬೆಂಕಿ. ಅದರಿಂದ ಲಂಟಾನದ ಸಸಿ ಸಾಯುತ್ತಿತ್ತು, ಹುಲ್ಲು ಬರುತ್ತಿತ್ತು. ಬೆಂಕಿ ಹಾಕುವುದು ಅಪರಾಧ ಅಂತಾದ ಮೇಲೆ ಲಂಟಾನ ಹಬ್ಬಿತು, ಈಗ ಬೆಂಕಿ ಬಿದ್ದರೆ ಒಣಗಿದ ಲಂಟಾನವೇ ಸೌದೆಯಾಗಿ ದೊಡ್ಡ ಮರಗಳೂ ಸುಡುತ್ತವೆ. ಈ ಮಾತನ್ನು ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವಿಜ್ಞಾನಿಗಳೂ ಬರೆದಿದ್ದಾರೆ ಅಂತ ಊರಿಗೆ ಬಂದು ಹುಡುಕಿದಾಗ ಗೊತ್ತಾಯಿತು. ಈ ಕಾಡಿನಲ್ಲಿ ಸಿಕ್ಕ ಹೊಸ ಜಾತಿಯ ಒಂದು ಕಣಜಕ್ಕೆ 2022ರಲ್ಲಿ ‘ಸೋಲಿಗ’ ಎಂದೇ ಕುಲನಾಮ ಇಟ್ಟಿದ್ದಾರೆ ಅಂತಲೂ ಓದಿದೆ. ಕಾಡು ಉಳಿಸಿದ ಜನರಿಗೆ ಗೌರವವಾಗಿ ಇಟ್ಟ ಹೆಸರು.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಬರೆದರೆ ಅದೂ ಇನ್ನೊಂದು ಥರ ಕತ್ತರಿಸಿದ ಫೋಟೊ ಆಗುತ್ತದೆ. ಆನೆ ಬಂದು ಕಾಫಿ, ಬಾಳೆ ತುಳಿದು ಹೋಗುತ್ತದೆ. ನೆಟ್‌ವರ್ಕ್ ಬೇಕಾದರೆ ಆ ಕಲ್ಲಿನ ಹತ್ತಿರ ಬಂದು ನಿಲ್ಲಬೇಕು. ಡಿಗ್ರಿ ಮಾಡಿದ ಹುಡುಗನಿಗೆ ಇನ್ನೂ ಒಂದು ಗಟ್ಟಿ ಕೆಲಸ ಇಲ್ಲ, ಮೈಸೂರಿನಲ್ಲಿ ಏನಾದ್ರೂ ಇದ್ರೆ ಹೇಳಿ ಅಂತ ನನಗೇ ಹೇಳಿದ. ಆಸ್ಪತ್ರೆಯ ಮಾತು ಬಂದಾಗ ಮಾತ್ರ ಮಗಳ ಮುಖ ಅರಳಿತು. ಡಾ. ಎಚ್. ಸುದರ್ಶನ್ 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಮೊದಮೊದಲು ಡಾಕ್ಟರನ್ನು ಕಂಡರೆ ಜನ ಓಡಿಹೋಗುತ್ತಿದ್ದರಂತೆ. ಈಕೆ ಓದಿದ್ದು ಅಲ್ಲಿನ ಶಾಲೆಯಲ್ಲೇ, ಮಗ ಹುಟ್ಟಿದ್ದು ಅಲ್ಲಿನ ಆಸ್ಪತ್ರೆಯಲ್ಲಿ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದದ್ದು ನಮಗೆಲ್ಲ ಗೊತ್ತು. ಆಕೆಗೆ ಅದಕ್ಕಿಂತ ಚೆನ್ನಾಗಿ ನೆನಪಿರುವುದು ಅವರು ಪೋಡಿನಿಂದ ಪೋಡಿಗೆ ನಡೆದುಕೊಂಡು ಬರುತ್ತಿದ್ದದ್ದು.

ಹೊರಡುವಾಗ ರಾಗಿ ರೊಟ್ಟಿ, ಅವರೆಕಾಳಿನ ಸಾರು ತಿನ್ನದೆ ಬಿಡಲಿಲ್ಲ. ಶನಿವಾರ ಒಪ್ಪೊತ್ತು ಇರುವ ನಮ್ಮಮ್ಮ, ಮನೆಯಲ್ಲಾದರೆ ನೂರು ನೆಪ ಹೇಳುವವರು, ಎರಡು ರೊಟ್ಟಿ ತಿಂದರು. ‘ಒಪ್ಪೊತ್ತಲ್ಲಿ ಇದೇ ನನ್ನ ಒಂದು ಹೊತ್ತು’ ಅಂದರು ಕಾರಿನಲ್ಲಿ. ಜೇನುತುಪ್ಪ ಕೊಡುತ್ತಾ ಆ ಹುಡುಗ, ಹೆಜ್ಜೇನು ಕಟ್ಟಿದ ಕಡೆ ಎಲ್ಲವನ್ನೂ ಬಾಚುವುದಿಲ್ಲ, ಹುಳಕ್ಕೂ ಕಾಡಿಗೂ ಅಂತ ಒಂದು ಪಾಲು ಬಿಟ್ಟು ಬರುತ್ತೇವೆ ಅಂದ. ಫೋಟೊ ತೆಗೆಯುವವರಿಗೂ ಇಂಥದ್ದೊಂದು ನಿಯಮ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು, ಹೇಳಲಿಲ್ಲ.

‘ಇಷ್ಟು ದೂರದಲ್ಲಿ ಇರೋದು ಕಷ್ಟ ಅಲ್ವಾ?’ ಅಂತ ನಾನು ಸುಮ್ಮನೆ ಕೇಳಿದ್ದಕ್ಕೆ ಮಗಳು ನಕ್ಕು ಹೇಳಿದರು, ‘ಯಾವುದಕ್ಕೆ ದೂರ ಸಾಮಿ? ನಮ್ಗೆ ನೀವಿರೋದು ದೂರ.’

ವಾಪಸ್ ಬರುವಾಗ ಅಮ್ಮ ನಿದ್ದೆ ಮಾಡುತ್ತಾರೆ ಅಂದುಕೊಂಡಿದ್ದೆ. ಮೂಗೂರು ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡೇ ಅಂದರು, ‘ರಂಗಪ್ಪ ಮೂರು ವರ್ಷ ಅಲ್ಲ, ಮೂವತ್ತು ವರ್ಷ ಬೇಕಾದ್ರೂ ಕಾಯ್ತಾನೆ ಕಣೋ. ಮನುಷ್ಯರು ಕಾಯಕ್ಕಾಗಲ್ಲ.’ ಬೈದದ್ದಲ್ಲ, ಹೇಳಿದ್ದು ಅಷ್ಟೇ.

ಮನೆಗೆ ಬಂದ ರಾತ್ರಿಯೇ ಫೇಸ್‌ಬುಕ್‌ನಲ್ಲಿ ಹತ್ತು ವರ್ಷದಿಂದ ಇದ್ದ ಆ ಫೋಟೊವನ್ನು ಅಳಿಸಿದೆ. ಅದಕ್ಕೆ ಬಂದಿದ್ದ ಮೆಚ್ಚುಗೆಯ ಮಾತುಗಳನ್ನು ಒಂದು ಸಲ ಓದಿದೆ. ‘ಎಂಥಾ ಕಣ್ಣುಗಳು’, ‘ಮುಗ್ಧ ಜನ’, ‘ನಾಗರಿಕತೆ ಮುಟ್ಟದ ಜಗತ್ತು’. ಜೆರಾಕ್ಸ್ ಮಾಡಿಸಲು ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯ ಬಗ್ಗೆ ನಾವೆಲ್ಲ ಸೇರಿ ಬರೆದ ಮಾತುಗಳು ಅವು.

ಹೊರಡುವ ಮುಂಚೆ ಮಗಳು ಇನ್ನೊಂದು ಪ್ರತಿ ಕೇಳಿದ್ದರು. ಅವರ ತಂಗಿಗೆ ಬೇಕಂತೆ. ಸೋಮವಾರ ಪ್ರಿಂಟ್ ಹಾಕಿಸಿ, ಮೊಬೈಲಿನಲ್ಲೇ ಒಂದು ಕೊರಿಯರ್ ಬುಕ್ ಮಾಡಲು ಹೋದೆ. ಪಿನ್‌ಕೋಡ್ ಹಾಕಿದ ಕೂಡಲೇ ‘ದೂರದ ಪ್ರದೇಶ, ಸೇವೆ ಲಭ್ಯವಿಲ್ಲ’ ಅಂತ ಬಂತು. ಇಂಥ ಪಟ್ಟಿಯೊಂದು ನಮ್ಮ ಸಾಫ್ಟ್‌ವೇರಿನಲ್ಲೂ ಇದೆ. ಪಿನ್‌ಕೋಡಿನ ಮುಂದೆ ಒಂದು ಸಣ್ಣ ಚೌಕ, ಅದಕ್ಕೆ ಟಿಕ್ ಹಾಕಿದರೆ ಆ ಊರು ದೂರವಾಗುತ್ತದೆ. ನಾನೇ ಎಷ್ಟೋ ಊರುಗಳಿಗೆ ಹಾಕಿದ್ದೇನೆ.

ಕೊನೆಗೆ ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ವಿಳಾಸ ನೋಡಿ, ‘ಬಿಳಿಗಿರಿರಂಗನ ಬೆಟ್ಟನಾ? ಹೋಗುತ್ತೆ ಬಿಡಿ’ ಅಂತ ತೂಕ ಹಾಕಿ ಚೀಟಿ ಕೊಟ್ಟರು. ಗುರುವಾರ ಮಧ್ಯಾಹ್ನ ಆ ಹುಡುಗನ ಫೋನ್ ಬಂತು. ‘ಬಂತು ಅಣ್ಣ’ ಅಂದ. ಹಿಂದೆ ಗಾಳಿ ಸದ್ದು ಕೇಳುತ್ತಿತ್ತು. ಆ ಕಲ್ಲಿನ ಹತ್ತಿರ ನಿಂತು ಮಾತಾಡುತ್ತಿದ್ದ ಅಂತ ಕಾಣುತ್ತದೆ.